ಅರ್ಧ ತಲೆ

ಯಂತ್ರ ಕೆಟ್ಟಿದೆ ಎಂದುಬಿಟ್ಟರೆ? ಕತ್ತರಿ ಇದೆಯಲ್ಲ, ಅದರಲ್ಲೇ ಕತ್ತರಿಸು ಅನ್ನುತ್ತಾರೆ. ಕೈ ನೋಯುತ್ತಿದೆ ಅಂದರೆ? ಇಷ್ಟು ತಲೆ ಬೋಳಿಸುವವರೆಗೂ ನೋಯದ ಕೈ ಈ ಒಂದಕ್ಕೆ ನೋಯಿತು ಅಂದರೆ ಯಾರು ನಂಬುತ್ತಾರೆ? ಕ್ಷೌರಿಕ ಫೀಫಿ ಕೈಯಂತ್ರದ ಹಲ್ಲುಗಳ ನಡುವಿನ ಕೂದಲನ್ನು ಊದಿದ. ಸಾಲಿನಲ್ಲಿ ಅರಾಬಾಗಿಂತ ಮುಂದೆ ಈಗ ಇಬ್ಬರೇ ಉಳಿದಿದ್ದರು.

ಅರಾಬಾ ಅವನ ಮಗಳು. ಈ ವಸತಿಶಾಲೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಅರ್ಜಿಗೆ ಸಹಿ ಹಾಕಿದವಳು ಅವಳ ಸೋದರತ್ತೆ. ಶಾಲೆಯ ನಿಯಮದಂತೆ ಪ್ರತಿ ವರ್ಷ ಹೊಸ ಹುಡುಗಿಯರ ತಲೆ ಬೋಳಿಸಲು ಬರುವವನ ಮಗಳೆಂದು ಯಾರೂ ಅಣಕಿಸಬಾರದು ಎಂದು ಅಪ್ಪ, ಮಗಳು ಮೊದಲೇ ಮಾತಾಡಿಕೊಂಡಿದ್ದರು. "ಕೂದ್ಲು ಹೋದ್ರೆ ಬರುತ್ತೆ, ಸೀಟು ಹೋದ್ರೆ ಬರಲ್ಲ" ಎಂದು ಅವನು ಹೇಳಿದ್ದ.

ಮೂರು ವರ್ಷದ ಹಿಂದೆ ಹೆಂಡತಿ ಸತ್ತಾಗ, ಸೂತಕದ ಪದ್ಧತಿಯಂತೆ ಮಗಳ ತಲೆಯನ್ನು ಅವನೇ ಬೋಳಿಸಿದ್ದ. ಮತ್ತೆ ಬೆಳೆದ ಕೂದಲಿಗೆ, ಒಣಗಿದ್ದಾಗಲೇ, ಬುಡದಿಂದ ಬಾಚಣಿಗೆ ಹಾಕಿ ಅದರ ಎರಡು ಹಲ್ಲು ಮುರಿದಿದ್ದ. ಕತ್ತರಿಸುವುದು ಬಿಟ್ಟರೆ ಅವನಿಗೆ ಬೇರೇನೂ ತಿಳಿದಿರಲಿಲ್ಲ. ಸಂತೆಯಲ್ಲಿ ಹೊಗೆಮೀನು ಮಾರುವ ಮುದುಕಿ ಬೈದು ಕಲಿಸಿದಳು: "ಕಳೆ ಕೀಳ್ತಿದೀಯೇನೋ ಮೂದೇವಿ? ನೀರು ಚಿಮುಕ್ಸು, ಶಿಯಾ ಕಾಯಿ ಬೆಣ್ಣೆ ಸವರು, ತುದಿಯಿಂದ ಬಿಡಿಸ್ಕೋತಾ ಬಾ." ಅಂದಿನಿಂದ ಪ್ರತಿ ಶನಿವಾರ, ಗುಂಗುರು ಬಿಡಲೆಂದು, ಕೂದಲ ಕುಚ್ಚು ಕುಚ್ಚಿಗೂ ಕಪ್ಪು ದಾರ ಸುತ್ತಿ, ಭಾನುವಾರ ಬಿಚ್ಚಿ, ಮರದ ಬಾಚಣಿಗೆಯಿಂದ ಎತ್ತಿ ಬಿಡುತ್ತಿದ್ದ. ಕೂದಲು ತಲೆಯ ಸುತ್ತ ದುಂಡಗೆ ನಿಲ್ಲುತ್ತಿತ್ತು. ಆ ಹೊತ್ತಿನಲ್ಲಿ ಇಬ್ಬರೂ ಸತ್ತವಳ ಹೆಸರು ಎತ್ತುತ್ತಿರಲಿಲ್ಲ.

ಆ ಇಬ್ಬರದೂ ಮುಗಿಯಿತು. "ಮುಂದೆ!" ಎಂದಳು ಮುಖ್ಯೋಪಾಧ್ಯಾಯಿನಿ ಮಿಸೆಸ್ ಬೈಡೂ.

ಅರಾಬಾ ಬಂದು ಕುರ್ಚಿಯಲ್ಲಿ ಕೂತಳು. ಮಿಸೆಸ್ ಬೈಡೂ ತನ್ನ ನುಣುಪಾದ ವಿಗ್ಗನ್ನು ಸರಿಮಾಡಿಕೊಂಡು, ಬೆತ್ತದ ತುದಿಯನ್ನು ಹುಡುಗಿಯ ಕೂದಲಿಗೆ ತೂರಿಸಿದಳು.

"ಏನೇ ಇದು, ತಲೆನೋ ಗೂಡೋ? ಓದೋಕೆ ಬಂದ್ಯೋ, ಮೊಟ್ಟೆ ಇಡೋಕೆ ಬಂದ್ಯೋ?"

ಸಾಲಿನಲ್ಲಿ ಕೆಲವರು ಕಿಸಕ್ಕೆಂದರು.

"ಯಾರೇ ಇದನ್ನ ಬೆಳೆಸಿದ್ದು?"

"ನಮ್ಮಪ್ಪ, ಮೇಡಂ."

"ಯಾವ ಕೆಲ್ಸ ಇಲ್ದಿರೋ ನನ್ಮಗನೇ ಅವ್ನು? ಗಂಡ್ಸಾಗಿ ಹೆಣ್ಣಿನ ತಲೆ ಬಾಚ್ಕೊಂಡು ಕೂತಿದ್ನಾ?"

ಅರಾಬಾ ನೆಲ ನೋಡಿದಳು. ಫೀಫಿ ಬಟ್ಟೆ ಕೊಡವಿದ, ಮತ್ತೊಮ್ಮೆ ಕೊಡವಿದ.

"ಏಯ್, ನಿಂಗೇನು ಬೇರೆ ಹೇಳ್ಬೇಕಾ? ಓಡ್ಸೋ ಯಂತ್ರ!"

ಫೀಫಿ ಬಟ್ಟೆಯನ್ನು ಅವಳ ಕೊರಳಿಗೆ ಕಟ್ಟಿ, ಎಡಕಿವಿಯ ಮೇಲಿಂದ ಶುರುಮಾಡಿದ. ಕೂದಲು ಉದುರಲಿಲ್ಲ, ಉಂಡೆಯಾಗಿಯೇ ಬಿತ್ತು. ಬೆಳಿಗ್ಗೆ ಅವನೇ ಸವರಿದ ಬೆಣ್ಣೆಯ ವಾಸನೆ ಎದ್ದಿತು. ನಡುನೆತ್ತಿಯವರೆಗೆ ಬರುವಷ್ಟರಲ್ಲಿ, ಅಕ್ರಾದಲ್ಲಿ ಅಂಗಡಿಗಳಿರುವ ಲೆಬನಾನಿನವನ ಮಗಳು ಸೊಂಟಕ್ಕೆ ಬಡಿಯುವ ಜಡೆ ಬೀಸಿಕೊಂಡು ಪಕ್ಕದಲ್ಲೇ ತರಗತಿಗೆ ಹೋದಳು.

"ಅವಳಿಗೆ ಯಾಕಿಲ್ಲ, ಮೇಡಂ?"

"ಅವಳ್ದು ಮಲಗಿರೋ ಕೂದ್ಲು ಕಣೇ. ನಿಂದು ನಿಗುರ್ಕೊಂಡು ನಿಂತಿರೋದು. ಅದಕ್ಕೆ ಬುದ್ಧಿ ಕಲಿಸ್ಬೇಕು."

"ನಮ್ಮಲ್ಲಿ ತಲೆ ಬೋಳಿಸೋದು ಮನೇಲಿ ಹೆಣ ಬಿದ್ದಾಗ. ಈಗ ಯಾರ್ ಸತ್ತಿದ್ದಾರೆ?"

ಬೆತ್ತ ಅವಳ ಭುಜದ ಮೇಲೆ ಬಿತ್ತು. ಯಾರೂ ನಗಲಿಲ್ಲ.

"ಬಾಯ್ಮುಚ್ಕೊಂಡು ಕೂತ್ಕೋ. ಇಲ್ಲಾ ಪೆಟ್ಟಿಗೆ ಹೊತ್ಕೊಂಡು ತೊಲಗು."

ಅರಾಬಾ ಎದ್ದಳು. ಕೊರಳಿನ ಬಟ್ಟೆ ಬಿಚ್ಚಿ, ಮಡಚಿ, ಕುರ್ಚಿಯ ಮೇಲಿಟ್ಟಳು. ಅಪ್ಪನ ಮುಖ ನೋಡಲಿಲ್ಲ. ಮರದ ಕೆಳಗಿದ್ದ ತಗಡಿನ ಪೆಟ್ಟಿಗೆಯನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು. ಒಂದು ಕಡೆ ಬೋಳು, ಒಂದು ಕಡೆ ಕೂದಲು. ಪೆಟ್ಟಿಗೆ ವಾಲಿತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು, ಅಷ್ಟೂ ಹುಡುಗಿಯರ ಮುಂದೆ, ಅವಸರವಿಲ್ಲದೆ ನಡೆದು ಗೇಟು ದಾಟಿದಳು.

"ಹೋಗ್ಲಿ ಪೀಡೆ," ಎಂದು ಮಿಸೆಸ್ ಬೈಡೂ ಫೀಫಿಯತ್ತ ತಿರುಗಿದಳು. "ಅವಳಪ್ಪ ನನ್ ಕೈಗೆ ಸಿಗ್ಬೇಕಿತ್ತು. ಯಾರ್ ಮಗಳೋ ಅದು, ನಿಮ್ ಕಡೆಯದೇನೋ?"

ಮುಂದಿನ ಹುಡುಗಿ ಆಗಲೇ ಬಂದು ಕೂತು ಕಣ್ಣು ಮುಚ್ಚಿಕೊಂಡಿದ್ದಳು. ಫೀಫಿ ಅವಳ ಕೊರಳಿಗೆ ಬಟ್ಟೆ ಕಟ್ಟಿದ.

ನನ್ನ ಮಗಳು ಎಂದು ಅವನು ಹೇಳಲಿಲ್ಲ.