ರುದ್ರಕ್ಕನ ಗಾಡಿ ಲೈಟು

ಮೆಕ್ಯಾನಿಕ್ ನಿಜಾಮುದ್ದೀನ್ ಗಾಡಿಯ ಹ್ಯಾಂಡಲ್ ಹಿಡಿದು ಹಿಂದಕ್ಕೆ ಎಳೆದ. ಅದು ಜಪ್ಪಯ್ಯ ಅನ್ನಲಿಲ್ಲ. ಅಂಗಳದಲ್ಲಿ ಬಿದಿರು ಕಟ್ಟಿ, ಬಾಳೆದಿಂಡು ನಿಲ್ಲಿಸಿ ಶವ ಕೂರಿಸಿ ಒಯ್ಯುವ ವಿಮಾನ ಸಿದ್ಧಮಾಡುತ್ತಿದ್ದರು. ಅದು ಆಚೆ ಹೋಗಬೇಕಾದರೆ ಬಾಗಿಲಿಗೆ ಅಡ್ಡ ನಿಂತ ಈ ಹಳೇ ರಾಜದೂತ್ ಬೈಕು ಜಾಗ ಬಿಡಬೇಕಿತ್ತು. ಬೆಳಿಗ್ಗೆಯಿಂದ ನೂಕಲು ಬಂದವರೆಲ್ಲ ನೂಕಿ ನೋಡಿ ಕೈಚೆಲ್ಲಿದ್ದರು.

"ಗೇರಲ್ಲಿ ಕಚ್ಕೊಂಡದೆ ಕಣ್ರೀ ಸಾಬ್ರೇ," ಎಂದರು ಯಾರೋ.

ಈ ಗಾಡಿಯ ನ್ಯೂಟ್ರಲ್ ಎಲ್ಲಿ ಅಡಗಿರುತ್ತದೆ ಎಂದು ಗೊತ್ತಿದ್ದವರು ಇಬ್ಬರೇ. ಒಬ್ಬಳು, ರುದ್ರಕ್ಕ, ಒಳಗೆ ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ನಿಜಾಮುದ್ದೀನ್ ಚಕ್ರವನ್ನು ಚೂರು ಹಿಂದೆ ಮುಂದೆ ಆಡಿಸಿ, ಹಿಮ್ಮಡಿಯಲ್ಲಿ ಮೆಲ್ಲಗೆ ಒತ್ತಿದ. ಗಾಡಿ ಸಡಿಲವಾಯಿತು. ಪಕ್ಕದ ಕೊಕ್ಕೆಯಲ್ಲಿ ಹಾಲಿನ ಕ್ಯಾನ್ ಇನ್ನೂ ನೇತಾಡುತ್ತಿತ್ತು. ಅದರಲ್ಲಿದ್ದ ಬೆಳಗಿನ ಹಾಲನ್ನು ಯಾರೋ ಪುಣ್ಯಾತ್ಮರು ಡೈರಿಗೆ ಮುಟ್ಟಿಸಿ, ಕ್ಯಾನ್ ತೊಳೆದು ತಂದು ಅದೇ ಕೊಕ್ಕೆಗೆ ಸಿಗಿಸಿದ್ದರು.

ರುದ್ರಕ್ಕನ ಮಗ ದಯಾನಂದ ಹತ್ತಿರ ಬಂದ. ಕಂದಿಕೆರೆಯಲ್ಲಿ ಪೈಪು, ಮೋಟರು ಮಾರುವ ಅಂಗಡಿ ಇಟ್ಟಿದ್ದ ಅವನ ದೊಡ್ಡ ದನಿ ಇವತ್ತು ತಗ್ಗಿತ್ತು.

"ಬಂದ್ರಾ ನಿಜಾಮಣ್ಣ. ನಸುಕಲ್ಲಿ ವಿಮಲಮ್ಮನ ತೋಟದ ಗೇಟ್ ಹತ್ರ ಬಿದ್ದಿದ್ಲಂತೆ. ಎದೆ ನೋವೋ, ಕಾಲ್ವೆ ಕಾಣದೆ ಎಡವಿದ್ಲೋ, ಯಾರಿಗ್ಗೊತ್ತು. ನೀವು ಹಾಕ್ಕೊಟ್ಟಿದ್ದ ಲೈಟು ಚೆನ್ನಾಗಿತ್ತು. ಕತ್ಲಿಗೆ ಬಿದ್ದಿರಾಕಿಲ್ಲ. ಅದೊಂದು ಸಮಾಧಾನ ನಂಗೆ."

ಆ ಸಮಾಧಾನಕ್ಕೆ ತಳವೇ ಇಲ್ಲವೆಂದು ನಿಜಾಮುದ್ದೀನನಿಗೆ ಗೊತ್ತಿತ್ತು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ದಯಾನಂದನನ್ನು ಯಾರೋ ಒಳಗೆ ಕರೆದರು.

*

ಗೌರಿಹಬ್ಬದ ಹೊತ್ತಿಗೆ ಇದೇ ದಯಾನಂದ ಗಾಡಿಯನ್ನು ಚಿಕ್ಕನಾಯಕನಹಳ್ಳಿಗೆ ತಂದು ನಿಜಾಮುದ್ದೀನನ ಅಂಗಡಿ ಮುಂದೆ ನಿಲ್ಲಿಸಿದ್ದ.

"ಕತ್ಲಲ್ಲಿ ತೋಟದ ದಾರಿ ಓಡಾಡ್ತಾಳೆ ನಮ್ಮಮ್ಮ. ಗಾಡಿ ನಿಧಾನ ಆದ್ರೆ ಸಾಕು, ಲೈಟು ಕಣ್ಮುಚ್ಚಿಬುಡ್ತದೆ. ಏನಾರ ಮಾಡ್ರಣ್ಣ."

ಗಂಡ ಗಂಗಾಧರ ತೀರಿಕೊಂಡ ವರ್ಷ ಸೀರೆ ಎತ್ತಿ ಕಟ್ಟಿ ಗಾಡಿ ಹತ್ತಿದವಳು ಶಿವರುದ್ರಮ್ಮ. ಎಲ್ಲರಿಗೂ ರುದ್ರಕ್ಕ. ತೋಟದ ಮನೆಗಳಿಂದ ಬೆಳಿಗ್ಗೆ ಸಂಜೆ ಹೊತ್ತಿಗೆ ಸರಿಯಾಗಿ ಹಾಲು ಎತ್ತಿ ಡೈರಿಗೆ ಮುಟ್ಟಿಸುವುದು ಅವಳ ಕೆಲಸ. ಮೊದಮೊದಲು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕವರೇ ಆಮೇಲೆ ಅವಳ ಗಾಡಿಯ ಹೊತ್ತು ನೋಡಿಕೊಂಡು ಹಸು ಕರೆಯಲು ಕೂತರು. ನೋವು ಶುರುವಾದ ಬಸುರಿಯರು ಅದೇ ಗಾಡಿಯಲ್ಲಿ, ಎರಡು ಕ್ಯಾನಿನ ನಡುವೆ ಕೂತು ಆಸ್ಪತ್ರೆ ಸೇರಿದ್ದುಂಟು. ಇದನ್ನೆಲ್ಲ ಅವಳು ದೊಡ್ಡದೆಂದು ಯಾವತ್ತೂ ಹೇಳಿಕೊಂಡವಳಲ್ಲ.

ಆ ಕಾಲದ ಗಾಡಿಯ ದೀಪಕ್ಕೆ ಬ್ಯಾಟರಿಯ ಹಂಗಿಲ್ಲ. ಇಂಜಿನ್ನಿನ ಜೊತೆ ತಿರುಗುವ ಚಕ್ರದ ಒಳಗೊಂದು ಕಾಯಿಲ್ ಇರುತ್ತದೆ, ಕರೆಂಟು ಅಲ್ಲಿಂದ ನೇರ ಬಲ್ಬಿಗೆ. ರೇಸ್ ಕೊಟ್ಟರೆ ಉರಿಯುತ್ತದೆ, ಬಿಟ್ಟರೆ ಮಂಕಾಗುತ್ತದೆ. ನಿಜಾಮುದ್ದೀನ್ ಚಕ್ರ ಬಿಚ್ಚಿ, ಸುಟ್ಟು ಕರಿಕಾಗಿದ್ದ ಕಾಯಿಲ್ ಕಿತ್ತು, ಹನ್ನೆರಡು ವೋಲ್ಟಿನ ಹೊಸದನ್ನು ಕೂರಿಸಿದ. ಸೀಟಿನ ಕೆಳಗೆ ಬಣ್ಣ ಕೆರೆದು, ಬರೀ ಕಬ್ಬಿಣ ಕಂಡ ಮೇಲೆ, ಕರೆಂಟನ್ನು ಹದದಲ್ಲಿಡುವ ರೆಗ್ಯುಲೇಟರ್ ಬಿಗಿದ. ಅರ್ತ್ ಸರಿಯಾಗಿ ಸಿಗದಿದ್ದರೆ ಇಡೀ ಕೆಲಸ ದಂಡ. ಒಂದೊಂದು ಜಾಯಿಂಟಿಗೂ ಬೆಸುಗೆ ಹಾಕಿದ, ಎಲ್ಲೂ ಟೇಪು ಸುತ್ತಿ ಕೈತೊಳೆದುಕೊಳ್ಳಲಿಲ್ಲ. ಹೊಸ ಬ್ಯಾಟರಿಗೆ ಮೀಟರ್ ಹಿಡಿದು ರೇಸ್ ಕೊಟ್ಟಾಗ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಹೆಡ್‌ಲೈಟ್ ಈಗ ಬ್ಯಾಟರಿಯಿಂದ ಬೆಳ್ಳಗೆ, ಅಲ್ಲಾಡದೆ ಉರಿಯಿತು. ಇಷ್ಟು ಅಚ್ಚುಕಟ್ಟಾದ ವೈರಿಂಗ್ ತನ್ನ ಕೈಯಲ್ಲೂ ದಿನಾ ಆಗುವುದಿಲ್ಲವೆಂದು ಮಗ ರಯೀಸನನ್ನು ಕೂಗಿ ಕರೆದು ತೋರಿಸಿದ.

ಹಬ್ಬ ಕಳೆದ ಮೇಲೆ ರುದ್ರಕ್ಕ ಬಂದಳು. ಗಾಡಿ ನಿಲ್ಲಿಸಿ, ಅಂಗಡಿಯ ಸ್ಟೂಲಿನ ಮೇಲೆ ಕೂತಳು.

"ನಿಜಾಮಾ, ನನ್ನ ಹಳೇ ಲೈಟು ಕೊಟ್ಬುಡು ಕಣಪ್ಪ."

"ಯಾಕಕ್ಕ, ಇದಕ್ಕೇನಾಗದೆ?"

"ಏನೂ ಆಗಿಲ್ಲ. ಅದೇ ಬಂದಿರೋ ಕಷ್ಟ. ರಂಗಪ್ಪ ಮನೆಯಿಂದ ಆಚೆಗೇ ಬರ್ತಿಲ್ಲ."

ರಂಗಪ್ಪನ ತೋಟ ಕೆರೆ ಏರಿಯ ಆಚೆಗಿತ್ತು. ಅವಳು ದಿನಾ ಹಾಲು ಎತ್ತುವ ಮೊದಲ ಮನೆ ಅದು. ರಂಗಪ್ಪನಿಗೆ ಕಿವಿ ಸುತರಾಂ ಕೇಳುತ್ತಿರಲಿಲ್ಲ.

"ಹಾರನ್ ಹೊಡುದ್ರೂ ಅಷ್ಟೇ, ಗುಡುಗು ಹೊಡುದ್ರೂ ಅಷ್ಟೇ ಅವನಿಗೆ. ಏರಿ ಮೇಲೆ ನಿಂತು ರೇಸ್ ಬುಟ್ಟು ಕೊಟ್ರೆ ಲೈಟು ಮಲಗಿ ಏಳೋದು. ಅದ ನೋಡ್ಕೊಂಡು ಚೆಂಬು ಹಿಡ್ಕೊಂಡು ಬರೋನು. ಈಗ ಯಾವ್ದೋ ಕಾರು ಅಂದ್ಕೊಂಡು ಒಳಗೇ ಕೂತವ್ನೆ. ಅವನೊಬ್ಬನೇ ಅಲ್ಲ, ಎಲ್ಲಾ ಮನೆಯೋರೂ ಹಂಗೇ ಬರ್ತಿದ್ದಿದ್ದು."

"ಸ್ವಿಚ್ ಇಲ್ವಾ ಅಕ್ಕ? ಆಫ್ ಮಾಡಿ ಆನ್ ಮಾಡು."

"ಅದು ಎಲ್ಲಾ ಗಾಡೀನೂ ಮಾಡ್ತದೆ. ಹಿಂಗೆ ಉಸಿರಾಡೋದು ನನ್ನ ಗಾಡಿ ಒಂದೇ."

ತನ್ನ ಕೈಕೆಲಸಕ್ಕೆ ಹೀಗೆ ಬೆನ್ನು ತಿರುಗಿಸಿದರೆ ಯಾವ ಮೆಕ್ಯಾನಿಕ್ಕಿಗೆ ರೇಗುವುದಿಲ್ಲ? ನಿಜಾಮುದ್ದೀನ್ ಮುಖ ಗಂಟು ಹಾಕಿಕೊಂಡೇ ಕೂತ. ಹೊಸ ಕಾಯಿಲ್, ಬ್ಯಾಟರಿ ಎಲ್ಲ ಇದ್ದಲ್ಲೇ ಇರಲಿ ಎಂದು ಹಾರನ್ನಿಗೂ ಇಂಡಿಕೇಟರಿಗೂ ಬಿಟ್ಟ. ಹೆಡ್‌ಲೈಟಿನ ಒಂದು ವೈರನ್ನು ಮಾತ್ರ ಕತ್ತರಿಸಿ, ಗೊಣಗುತ್ತಲೇ ಬ್ಯಾಟರಿ ಬಿಟ್ಟು ನೇರ ಕಾಯಿಲಿನ ಕಡೆಗೆ ಬೆಸೆದ.

"ಅಬ್ಬಾ, ಕೆಟ್ಟಿದ್ದು ರಿಪೇರಿ ಮಾಡೋರ್ನ ನೋಡಿದೀನಿ. ರಿಪೇರಿ ಆಗಿದ್ದು ಕೆಡಿಸ್ಕೊಡೋರು ನೀವೊಬ್ರೇ," ಎಂದು ರಯೀಸ್ ನಕ್ಕ.

ಹೊರಡುವಾಗ ರುದ್ರಕ್ಕ ರೇಸ್ ಬಿಟ್ಟಳು, ಕೊಟ್ಟಳು. ಲೈಟು ಮಲಗಿ ಎದ್ದಿತು. ಅವಳ ಮುಖ ಅರಳಿತು.

"ದಯಾನಂದಂಗೆ ಹೇಳ್ಬ್ಯಾಡ. ಆಸೆಪಟ್ಟು ಮಾಡಿಸ್ದ. ನೊಂದ್ಕೊತಾನೆ," ಎಂದಳು.

*

ರುದ್ರಕ್ಕನ ಮಗಳು ಜೀವಿತಾ ಅರಸೀಕೆರೆಯಿಂದ ಬಂದು ಮುಟ್ಟುವಾಗ ಹೊತ್ತು ಇಳಿದಿತ್ತು. ವಿಮಾನ ತೋಟಕ್ಕೆ ಬಂದು ಗಂಗಾಧರನ ಸಮಾಧಿಯ ಪಕ್ಕ ನಿಲ್ಲುವಷ್ಟರಲ್ಲಿ ತೆಂಗಿನ ಗರಿಗಳ ಕೆಳಗೆ ಆಗಲೇ ಕತ್ತಲು. ಪೂಜೆಗೆ ಗುಂಡಿಯೊಳಗೆ ಇಳಿದಿದ್ದ ಅಯ್ನೋರು ಅವಳನ್ನು ಕೂರಿಸಬೇಕಾದ ಗೂಡು ಕಾಣುತ್ತಿಲ್ಲ ಎಂದರು. ಮೊಬೈಲು ಹಿಡಿದರು, ಆ ಬೆಳಕು ತಳ ಮುಟ್ಟಲಿಲ್ಲ.

"ಅಮ್ಮನ ಗಾಡಿ ತರ್ರಿ ನಿಜಾಮಣ್ಣ," ಎಂದ ದಯಾನಂದ. "ಆ ಲೈಟು ಸಾಕು."

ನಿಜಾಮುದ್ದೀನ್ ಗಾಡಿ ತಂದು ಗುಂಡಿಯ ಕಡೆ ಮುಖ ಮಾಡಿ ನಿಲ್ಲಿಸಿ ಕಿಕ್ ಹೊಡೆದ. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಲೈಟು ಕೆಂಪಗೆ, ನಿದ್ದೆಗಣ್ಣಲ್ಲಿ ಹೊತ್ತಿಕೊಂಡಿತು. ದಯಾನಂದ ಲೈಟನ್ನು ನೋಡಿದ. ಆಮೇಲೆ ಅವನನ್ನು ನೋಡಿದ.

"ಇದೇನು ನಿಜಾಮಣ್ಣ, ಹಳೇ ಥರಾನೇ?"

"ನಾನೇ ಹಿಂದಕ್ಕೆ ಹಾಕ್ದೆ ದಯಾನಂದ. ಅಕ್ಕ ಕೇಳಿದ್ಲು. ನಿಂಗೆ ಹೇಳ್ಬ್ಯಾಡ ಅಂದ್ಲು. ಬೆಳಿಗ್ಗೆಯಿಂದ ಹೇಳಾಕೆ ನಂಗೆ ಬಾಯೇ ಬರಲಿಲ್ಲ."

"ಹಂಗಾದ್ರೆ ನಮ್ಮಮ್ಮ ಕತ್ಲಲ್ಲೇ..."

ನಿಜಾಮುದ್ದೀನ್ ತಲೆ ತಗ್ಗಿಸಿದ. ಆಗ ಹೆಂಗಸರ ಗುಂಪಿನಿಂದ ವಿಮಲಮ್ಮ ಮುಂದೆ ಬಂದಳು. ಬೆಳಿಗ್ಗೆಯಿಂದ ರುದ್ರಕ್ಕನಿಗೆ ನೀರು ಹಾಕುವುದು, ಸೀರೆ ಉಡಿಸುವುದು ಎಂದು ಒಳಗೇ ಇದ್ದವಳು ಅವಳು.

"ಕತ್ಲಲ್ಲಿ ಬಿದ್ದಿಲ್ಲ ಕಣಪ್ಪ ನಿಮ್ಮವ್ವ. ಗಾಡಿ ಸ್ಟ್ಯಾಂಡ್ ಹಾಕಿ ನಿಲ್ಸಿದ್ಲು. ಕ್ಯಾನಿಂದ ಒಂದು ತೊಟ್ಟು ಚೆಲ್ಲಿರಲಿಲ್ಲ. ತೆಂಗಿನ ಬುಡಕ್ಕೆ ಒರಗಿ ಕೂತು, ಆಮೇಲೆ ವಾಲಿದ್ದು."

"ನಿಂಗೆ ಹೆಂಗೆ ಗೊತ್ತಾಯ್ತು ವಿಮಲಕ್ಕ?" ಎಂದ ದಯಾನಂದ.

"ನಾನು ಹಸು ಕರೀತಿದ್ದೆ. ಗೇಟಿನ ಹತ್ರ ಲೈಟು ಮಲಗ್ತು. ದಿನಾ ಹಂಗೇ ಅಲ್ವಾ, ಇನ್ನೇನು ಏಳ್ತದೆ ಅಂತ ನೋಡ್ದೆ. ಏಳ್ಲಿಲ್ಲ. ಇಂಜಿನ್ ಸದ್ದು ಅದೆ, ಲೈಟು ಏಳ್ತಿಲ್ಲ. ನಂಗೆ ಎದೆ ಝಲ್ ಅಂತು. ಕೊಡ ಅಲ್ಲೇ ಬುಟ್ಟು ಓಡ್ದೆ. ತಲೆ ತೊಡೆ ಮೇಲೆ ಇಟ್ಕೊಂಡು ನೀರು ಬುಟ್ಟೆ. ಕುಡುದ್ಲು. ನನ್ನ ಮುಖ ನೋಡಿದ್ಲು. ಆಮೇಲೆ ಹೋದ್ಲು."

ಸೆರಗಿನಿಂದ ಕಣ್ಣೊರೆಸಿಕೊಂಡು ವಿಮಲಮ್ಮ ಮತ್ತೆ ಹೇಳಿದಳು. "ಆ ಬೆಳ್ಳನೆ ಲೈಟಾಗಿದ್ದಿದ್ರೆ ಹಾಲಿಗೆ ಕಾಯ್ತಾವ್ಳೆ ಅಂದ್ಕೊಂಡು ನಾನು ಕರೀತಾನೇ ಕೂತಿರ್ತಿದ್ದೆ. ಒಬ್ಳೇ ಹೋಗ್ಬುಡೋಳು."

ನಿಜಾಮುದ್ದೀನ್ ಬಗ್ಗಿ ಗಾಡಿಯ ವೈರು ನೋಡಿದ. ಗೊಣಗುತ್ತ, ಬೈದುಕೊಳ್ಳುತ್ತ ಬೆಸೆದ ಗೇಣುದ್ದದ ವೈರು. ಇಷ್ಟು ವರ್ಷ ತಾನು ಬರೀ ದೀಪ ಉರಿಸುವುದು ಕಲಿತಿದ್ದೇನೆ ಎಂದುಕೊಂಡ. ಅದು ಮಂಕಾದರೆ ಒಬ್ಬರು ಎದ್ದು ಓಡಿ ಬರುವಂತೆ ಊರನ್ನು ಕಟ್ಟಿಕೊಂಡವಳು ಈ ರುದ್ರಕ್ಕ.

ದಯಾನಂದ ಬಂದು ಅವನ ಕೈಹಿಡಿದು ಆಕ್ಸಿಲರೇಟರ್ ಮೇಲಿಟ್ಟ.

"ರೇಸ್ ಕೊಡ್ರಣ್ಣ. ನಮ್ಮಮ್ಮನ್ನ ಕೂರಿಸ್ಬೇಕು."

ಗುಂಡಿಯ ತಳದವರೆಗೂ ಬೆಳಕಾಯಿತು. ಅವಳನ್ನು ಇಳಿಸಿ ಗೂಡಿನಲ್ಲಿ ಕೂರಿಸಿದರು. ಅಯ್ನೋರ ಮಂತ್ರ ಇಂಜಿನ್ನಿನ ಸದ್ದಿನ ಮೇಲೆಯೇ ನಡೆಯಿತು. ವಿಭೂತಿ, ಬಿಲ್ವಪತ್ರೆ, ಆಮೇಲೆ ಮಕ್ಕಳ ಕೈಯ ಮಣ್ಣು. ನಿಜಾಮುದ್ದೀನನ ಕೈ ಜೋಮು ಹಿಡಿದು ಸಡಿಲವಾಯಿತು. ಲೈಟು ಮಲಗಿತು. ಅವನು ಗಾಬರಿಯಾಗಿ ಮತ್ತೆ ತಿರುಪಿದ. ಎದ್ದಿತು.

ಕೆರೆ ಏರಿಯ ಮೇಲೆ ಯಾರೋ ಬರುತ್ತಿದ್ದರು.

ರಂಗಪ್ಪ. ನಸುಕಿನಲ್ಲಿ ರುದ್ರಕ್ಕನಿಗೆ ಹಾಲು ಅಳೆದುಕೊಟ್ಟು, ಕೊಬ್ಬರಿ ಚೀಲ ಹೊತ್ತು ತಿಪಟೂರಿನ ಬಸ್ಸು ಹತ್ತಿದವನು ಈಗಷ್ಟೇ ಮನೆ ಸೇರಿ ಹಸು ಕರೆದಿದ್ದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ, ಲೈಟು ಮಲಗಿ ಎದ್ದಿದ್ದಷ್ಟೇ ಕಂಡಿತ್ತು. ಇಷ್ಟೊಂದು ಜನ ಕಂಡು ಅವನ ನಡಿಗೆ ನಿಧಾನವಾಯಿತು. ಆದರೂ ನಿಲ್ಲಲಿಲ್ಲ. ಜನ ಸರಿದು ದಾರಿ ಬಿಟ್ಟರು. ಹೊಸ ಮಣ್ಣಿನ ಗುಡ್ಡೆಯನ್ನು ಅವನು ನೋಡಿದ, ಗಾಡಿಯ ಮೇಲೆ ಬೇರೆಯವರು ಕೂತಿದ್ದನ್ನು ನೋಡಿದ. ಹಾಲಿನ ಚೆಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಲೈಟಿನ ಎದುರಿಗೆ ಹಾಗೇ ನಿಂತ.

ದಯಾನಂದ ಮಣ್ಣಾದ ಕೈಗಳನ್ನು ಪಂಚೆಗೆ ಒರೆಸಿಕೊಂಡ. ಗಾಡಿಯ ಹತ್ತಿರ ಬಂದು, ಬಗ್ಗಿ, ಕ್ಯಾನಿನ ಮುಚ್ಚಳ ತೆಗೆದು ಹಿಡಿದ.