ಆರೋಗ್ಯವಂತರ ರಕ್ತ

ವಂಶದಲ್ಲಿ ಹರಿಯುವ ಹೃದಯದ ಕಾಯಿಲೆಯ ರೋಗಿಯ ಕೋಶದ ಪಕ್ಕ ಇಟ್ಟು ಹೋಲಿಸಲು ಆರೋಗ್ಯವಂತರ ರಕ್ತ ಬೇಕಾದಾಗ, ಪ್ರಯೋಗಾಲಯದಲ್ಲಿ ಎಲ್ಲರೂ ಅಕ್ಕ ಅನ್ನುತ್ತಿದ್ದ ಸಂಶೋಧಕಿ ತನ್ನದೇ ತೋಳು ಚಾಚಿದ್ದಳು. "ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಯಾಕೆ ಅಲೀಬೇಕು?" ಎಂದಿದ್ದಳು. ಆ ರಕ್ತದ ಕೋಶಗಳನ್ನು ಕಾಂಡಕೋಶಗಳಾಗಿ ಮಾರ್ಪಡಿಸಿ, ಅವುಗಳಿಂದ ತಿಂಗಳುಗಟ್ಟಲೆ ಹೃದಯದ ಕೋಶ ಬೆಳೆಸಿದರು.

ಇವತ್ತು ಅವನ್ನೇ ಅಳೆಯುತ್ತಿದ್ದಳು. ಗಾಬರಿಯಾಗಿ ಹೃದಯ ಓಡತೊಡಗಿದಾಗ, ಕೋಶದ ಗೋಡೆಯಲ್ಲಿರುವ ಪೊಟ್ಯಾಸಿಯಂ ಬಾಗಿಲಿಗೆ ಫಾಸ್ಫೇಟ್ ಬಂದು ಅಂಟಬೇಕು. ಅಂಟಿದರೆ ಬಾಗಿಲು ಚೆನ್ನಾಗಿ ತೆರೆದು, ಪೊಟ್ಯಾಸಿಯಂ ಹೊರಹೋಗಿ, ಹೃದಯ ಮುಂದಿನ ಬಡಿತಕ್ಕೆ ಬೇಗ ಸಜ್ಜಾಗುತ್ತದೆ. ರೋಗಿಯಲ್ಲಿ ಅದು ಹಾಗೆ ತೆರೆಯದು; ಗಾಬರಿಗೋ ದಣಿವಿಗೋ ಹೃದಯ ಲಯ ತಪ್ಪಿ ನಿಂತೇಹೋಗಬಹುದು. ಅವಳು ಗಾಬರಿಯ ಹಾರ್ಮೋನು ಹನಿಸಿದಳು. ಬಾಗಿಲು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ತಟ್ಟೆ ಅದಲುಬದಲು ಮಾಡಿದ್ದೀಯ ಕಣೋ! ಇದು ರೋಗಿಯದು," ಎಂದು ಸಹಾಯಕನ ಮೇಲೆ ಹರಿಹಾಯ್ದಳು. ಕಂಡದ್ದಕ್ಕೆಲ್ಲ ಚೀಟಿ ಅಂಟಿಸುವ ಅವನಿಗೆ ಚೀಟಿಪಂಡಿತ ಎಂದೇ ಹೆಸರು.

"ಮೂರು ಸಲ ನೋಡಿದೆ ಅಕ್ಕಾ," ಎಂದ ಅವನು ತಲೆಯೆತ್ತದೆ. "ಇದು ನಿಮ್ಮದೇ."

ಅವಳ ಸಿಟ್ಟು ಜರ್ರನೆ ಇಳಿಯಿತು. ಹತ್ತೊಂಬತ್ತರ ಪ್ರಾಯದಲ್ಲಿ ಈಜುಕೊಳದಲ್ಲೇ ತೀರಿಹೋದ ತಂಗಿ ನೆನಪಾದಳು. ಮೀನಿನ ಹಾಗೆ ಈಜುತ್ತಿದ್ದ ಹುಡುಗಿ. "ನೀರು ಕುಡಿದಳು" ಅಂತ ಅಪ್ಪ ಹೇಳಿದ್ದನ್ನು ಇಷ್ಟು ವರ್ಷ ಮನೆಯವರೆಲ್ಲ ನಂಬಿದ್ದರು. ಇವಳೂ ನಂಬಿದ್ದಳು, ಇಷ್ಟೆಲ್ಲ ಓದಿಕೊಂಡು!

ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಮಗಳ ಈಜು ಪಂದ್ಯದ ಹೊತ್ತು. ತರಬೇತುದಾರನಿಗೆ ಫೋನ್ ಹಚ್ಚಿದಳು. ಆ ಕಡೆ ಸೀಟಿ, ಕೇಕೆ, ನೀರಿನ ಸದ್ದು.

"ನನ್ನ ಮಗಳನ್ನು ಈಗಲೇ ಮೇಲಕ್ಕೆ ಕರೀರಿ ಸಾರ್."

"ಏನಾಯ್ತಮ್ಮ? ಇರಿ, ಕೂಗ್ತೀನಿ."

"ಕೂಗಬೇಡಿ!" ಎಂದು ಕಿರುಚಿದಳು. ಆಮೇಲೆ ದನಿ ತಗ್ಗಿಸಿ, "ಮೆಲ್ಲಗೆ ಕರೀರಿ. ಅವಳು ಹೆದರಬಾರದು."