ಅಕನಿಸಿಗೆ ಒಣ ನೆಲ

"ಬಿಚ್ಚೇ ಮುದುಕಿ, ಮೊದ್ಲು ಆ ಬಟ್ಟೆ ಬಿಚ್ಚು! ನಿನ್ನ ಯಾರು ಮದ್ವೆಗೆ ಕರೆದೋರು?"

ಕಿತಿಯೋನೆ ಗುಡಿಸಲ ಬಾಗಿಲಲ್ಲಿ ನಿಂತು ಕಿರುಚುತ್ತಿದ್ದ. ಫಿಜಿಯ ಲೌಟೋಕಾ ಪಟ್ಟಣದ ಸಕ್ಕರೆ ಕಾರ್ಖಾನೆಯ ಆಚೆ, ಕಡಲಂಚಿನ ಕೆಸರಿನಲ್ಲಿ ತಗಡು ಹೊದ್ದು ಕೂತ ಆ ಕೇರಿಗೆ ಅವನೇ ದೊರೆ. ಚರ್ಚಿನ ಹಿರಿಯ, ಮನೆ ಕಟ್ಟಿಸಿಕೊಡುವ ಸಂಘದ ಮೇಲ್ವಿಚಾರಕ. ಯಾರಿಗೆ ಮನೆ, ಯಾರಿಗೆ ಇಲ್ಲ ಎನ್ನುವುದು ಅವನ ನಾಲಿಗೆಯ ಮೇಲಿತ್ತು.

ಹಳೇ ಗುಡಿಸಲ ಮುಂದೆ ಮನೆಯವರನ್ನೆಲ್ಲ ನಿಲ್ಲಿಸಿ ಫೋಟೋ ತೆಗೆಯಬೇಕಿತ್ತು. ಆಸ್ಟ್ರೇಲಿಯಾದಿಂದ ಪುಕ್ಕಟೆ ದುಡಿಯಲು ಬಂದಿದ್ದ ಬಿಳಿಯರು ಕ್ಯಾಮೆರಾ ಹಿಡಿದು ಕಾಯುತ್ತಿದ್ದರು. ಮುದುಕಿ ಅಕನಿಸಿ ಮಾತ್ರ ಪೆಟ್ಟಿಗೆ ತಳದಿಂದ ಭಾನುವಾರದ ಬಿಳಿ ಅಂಗಿ ತೆಗೆದು ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿ ಬಂದಿದ್ದಳು.

"ಫೋಟೋ ಅಂದ್ರೆ ಚೆನ್ನಾಗಿರೋ ಬಟ್ಟೆ ಹಾಕ್ಕೋಬೇಕಲ್ವೇನೋ ಬೋಳಿಮಗನೆ?"

"ನಿನ್ನ ಚೆಂದ ನೋಡಿ ಯಾರು ಕಾಸು ಬಿಚ್ತಾರೆ? ಹರಕಲು ಹಾಕ್ಕೊಂಡು ಬಾ. ನೋಡಿದೋರ ಕರುಳು ಚುರುಕ್ ಅನ್ಬೇಕು."

ಸೊಸೆ ಸೆರುವಾಯಾ ಸಿಮೆಂಟು ಕಲಸುತ್ತಿದ್ದ ಸಲಿಕೆ ಬಿಟ್ಟು ಓಡಿ ಬಂದಳು. ಗಂಡ ಮೀನಿನ ದೋಣಿಗೆ ಹೋದವನು ಹೆಣವಾಗಿಯೂ ಮರಳಿರಲಿಲ್ಲ. ಹಗಲು ಹೋಟೆಲಿನಲ್ಲಿ ಪರದೇಶಿಗಳ ಹಾಸಿಗೆ ಬಟ್ಟೆ ಒಗೆದು, ಉಳಿದ ಹೊತ್ತಿನಲ್ಲಿ ಸಂಘದ ಕರಾರಿನಂತೆ ಬೇರೆಯವರ ಮನೆಗೆ ಇಟ್ಟಿಗೆ ಹೊತ್ತ ಮೇಲೆ, ಕೊನೆಗೆ ಅವಳ ಸರದಿ ಬಂದಿತ್ತು.

"ಹಾಕ್ಕೊಂಬಿಡು ಅತ್ತೆ. ಒಂದು ಗಳಿಗೆ ಅಷ್ಟೆ."

ಅಕನಿಸಿ ಸೊಸೆಯ ಮುಖ ನೋಡಿದಳು. ಒಳಗೆ ಹೋಗಿ ಹರಕು ಅಂಗಿಯಲ್ಲಿ ಬಂದು ನಿಂತಳು. ಫೋಟೋ ತೆಗೆದ ಬಿಳಿ ಹುಡುಗಿಗೆ ಅಳುವೇ ಬಂತು. ಅವಳು ಮುದುಕಿಯನ್ನು ತಬ್ಬಿಕೊಂಡಳು.

"ಇದ್ಯಾಕಳ್ತದೆ ಮುಂಡೇದು?" ಅಂದಳು ಅಕನಿಸಿ. "ಇದರಪ್ಪ ಸತ್ನಾ?"

"ನಿಮ್ಮನ್ನ ದೇವರು ಚೆನ್ನಾಗಿಟ್ಟಿರಲಿ ಅಂತಾವ್ಳೆ," ಎಂದು ಕಿತಿಯೋನೆ ಆ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿದ.

ಮನೆ ಎದ್ದಿತು. ಎರಡು ಕೋಣೆ, ಹಸಿರು ಬಣ್ಣದ ತಗಡು, ಎತ್ತರದ ಸಿಮೆಂಟು ನೆಲ. ಮನೆಯ ಜೊತೆಗೆ ಕಟ್ಟಳೆಗಳೂ ಬಂದವು. ಹಂದಿ ಸಾಕುವಂತಿಲ್ಲ. ಮತ್ತೇರಿಸುವ ಬೇರಿನ ರಸ ಕಾವಾ ಕುಡಿಯುವ ಕೂಟ ಸೇರಿಸುವಂತಿಲ್ಲ. ಸಾವಾದರೆ ಚಾಪೆ ಹಾಸಿ ಊರನ್ನು ಕೂರಿಸುವಂತಿಲ್ಲ. ಸೆರುವಾಯಾ ಎಲ್ಲಕ್ಕೂ ತಲೆಯಾಡಿಸಿದಳು. ಮಗಳು ಲಿತಿಯಾ ಹುಟ್ಟಿದಾಗಿನಿಂದ ಒದ್ದೆ ಹಾಸಿಗೆಯಲ್ಲೇ ಮಲಗಿದವಳು. ಆ ಒಣ ನೆಲಕ್ಕಾಗಿ ತಾಯಿ ಇನ್ನೂ ಯಾವುದಕ್ಕೆ ಬೇಕಾದರೂ ತಲೆಯಾಡಿಸುತ್ತಿದ್ದಳು.

ಬೀಗದ ಕೈ ಕೊಡುವ ದಿನದ ಹಿಂದಿನ ಸಂಜೆ ಕಡಲ ಭರತ ಏರಿತು. ಗುಡಿಸಲೊಳಗೆ ಮೊಣಕಾಲುದ್ದ ನೀರು. ವಾರದಿಂದ ಕೆಮ್ಮುತ್ತಿದ್ದ ಅಕನಿಸಿ ಚಳಿಗೆ ಕಟಕಟ ಹಲ್ಲು ಕಡಿಯುತ್ತಿದ್ದಳು. ಸೆರುವಾಯಾ ಯೋಚಿಸಲು ಹೋಗಲಿಲ್ಲ. ಲಿತಿಯಾ ಹೊಸ ಮನೆಯ ಅಡುಗೆಕೋಣೆ ಕಿಟಕಿಯಿಂದ ನುಸುಳಿ ಬಾಗಿಲು ತೆಗೆದಳು.

ಅಕನಿಸಿ ನೆಲದ ಮೇಲೆ ಮಲಗಿ ಅಂಗೈಯಿಂದ ಸಿಮೆಂಟು ಸವರಿದಳು.

"ಸೆರು, ಕೆಳಗೆ ನೀರಿನ ಸದ್ದೇ ಇಲ್ವಲ್ಲೇ."

"ಇಲ್ಲ ಅತ್ತೆ. ಮಲಕ್ಕೊ."

"ನಿನ್ನ ಗಂಡ ಇರಬೇಕಾಗಿತ್ತು, ಪಾಪಿ."

ಬೆಳಗಾಗುವಷ್ಟರಲ್ಲಿ ಅವಳ ಮೈ ಆ ನೆಲದಷ್ಟೇ ತಣ್ಣಗಾಗಿತ್ತು.

ಬಾಗಿಲಿಗೆ ರಿಬ್ಬನ್ನು ಕಟ್ಟಲು ಬಂದ ಕಿತಿಯೋನೆ ಹೆಣ ಕಂಡು ಹಣೆ ಚಚ್ಚಿಕೊಂಡ.

"ಸಾಯಕ್ಕೆ ಇನ್ನೊಂದು ದಿನ ಸಿಗ್ಲಿಲ್ವಾ ಈ ಮುದಿಗೊಡ್ಡಿಗೆ? ಎತ್ತು! ಹಳೇ ಗುಡಿಸಲಿಗೆ ಹಾಕು. ಇನ್ನೇನು ಬಿಳಿಯರ ಬಸ್ಸು ಬರ್ತದೆ."

"ಅಲ್ಲಿ ನೀರು ಇಳಿದಿಲ್ಲ ಅಣ್ಣ."

"ಹೆಣಕ್ಕೆ ನೆಗಡಿ ಆಗ್ತದೇನೇ? ನೋಡು, ಈ ಮನೆಗೆ ಬಾಯ್ಬಿಟ್ಕೊಂಡು ಕಾಯೋರು ಕೇರಿ ತುಂಬ ಅವ್ರೆ. ನಿಂಗೆ ಬೇಕಾ, ಅವರಿಗೆ ಕೊಡ್ಲಾ? ಹೇಳು."

ಸೆರುವಾಯಾ ಲಿತಿಯಾಳ ಕಡೆ ನೋಡಿದಳು. ಆಮೇಲೆ ಬಗ್ಗಿ ಅತ್ತೆಯ ಕಾಲು ಹಿಡಿದುಕೊಂಡಳು. ಕಿತಿಯೋನೆಯ ಇಬ್ಬರು ಆಳುಗಳು ತಲೆಯ ಕಡೆ ಹಿಡಿದರು. ಕೆಸರು ತುಳಿಯುತ್ತ ಹೋಗಿ ಗುಡಿಸಲ ಹಲಗೆಯ ಮೇಲೆ ಮಲಗಿಸಿ ಬಂದರು. ಹಲಗೆಯ ಕೆಳಗೇ ನೀರು ತುಳುಕುತ್ತಿತ್ತು.

ಬಸ್ಸು ಬಂತು. ಕೇರಿಯ ಹೆಂಗಸರು ಹಾಡು ಶುರು ಮಾಡಿದರು. ಸೆರುವಾಯಾಳ ಕೊರಳಿಗೆ ಹೂಮಾಲೆ ಬಿತ್ತು. ಬಿಳಿಯರ ಯಜಮಾನಿ ರಿಬ್ಬನ್ನು ಕತ್ತರಿಸಿ ಬೀಗದ ಕೈ ಕೊಟ್ಟಳು.

"ನಗೇ," ಕಿತಿಯೋನೆ ಹಲ್ಲು ಕಚ್ಚಿ ಪಿಸುಗುಟ್ಟಿದ. "ಹಲ್ಲು ಕಾಣೋ ಹಾಗೆ ನಗು."

ನಕ್ಕಳು.

ಅಜ್ಜಿ ಎಲ್ಲಿ ಎಂದಳು ಯಜಮಾನಿ. ಅಜ್ಜಿ ಮಲಗಿದ್ದಾಳೆ, ಒಳ್ಳೇ ನಿದ್ದೆ, ಎಬ್ಬಿಸುವುದು ಬೇಡ ಎಂದ ಕಿತಿಯೋನೆ. ಹೋಟೆಲಿನಲ್ಲಿ ದುಡಿದ ಸೆರುವಾಯಾಳಿಗೆ ಅಷ್ಟು ಇಂಗ್ಲಿಷು ತಿಳಿಯುತ್ತಿತ್ತು. ಯಜಮಾನಿ ಎದೆಯ ಮೇಲೆ ಕೈಯಿಟ್ಟು ಎಷ್ಟು ಮುದ್ದು ಎನ್ನುವಂತೆ ತಲೆ ವಾಲಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸೆರುವಾಯಾ ಮೆಟ್ಟಿಲಿಳಿದು ನಡೆದಳು.

"ಎಲ್ಲಿಗೇ? ಏ! ಎಲ್ಲಿಗೆ ಸಾಯಕ್ಕೋಗ್ತಿದ್ದೀಯ?"

ಅವಳು ಗುಡಿಸಲೊಳಗೆ ಹೋಗಿ ಅತ್ತೆಗೆ ಭಾನುವಾರದ ಬಿಳಿ ಅಂಗಿ ತೊಡಿಸಿದಳು. ಸೆಟೆದ ಕೈಗಳಿಗೆ ಅಂಗಿಯ ತೋಳು ಏರಿಸುವುದು ತಡವಾಯಿತು. ಎರಡೂ ತೋಳಿನಲ್ಲಿ ಹೆಣ ಎತ್ತಿಕೊಂಡು ಹೊರಬಂದಾಗ ಬಿಳಿ ಹುಡುಗನೊಬ್ಬ ಕ್ಯಾಮೆರಾ ಎತ್ತಿದ, ನೋಡಿ ಇಳಿಸಿದ. ಹಾಡುವವರಿಗೆ ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ಆ ಹಾಡಿನ ನಡುವೆಯೇ ಅವಳು ಮೆಟ್ಟಿಲು ಹತ್ತಿ, ಅಕನಿಸಿಯನ್ನು ನೆಲದ ಮೇಲೆ ಮಲಗಿಸಿ, ಬಾಗಿಲು ಎಳೆದುಕೊಂಡು ಒಳಗಿನಿಂದ ಅಗುಳಿ ಹಾಕಿದಳು. ಕಿಟಕಿಗೆ ಬಂದು ಕೂಗಿದಳು:

"ಲಿತಿಯಾ! ಓಡು, ಎಲ್ರಿಗೂ ಹೇಳು. ಅಜ್ಜಿ ಹೋದ್ಲು, ಚಾಪೆ ತಗೊಂಡು ಬನ್ನಿ ಅನ್ನು. ಹೆಣ ಎಲ್ಲದೆ ಅಂತ ಕೇಳಿದ್ರೆ, ನಮ್ಮನೇಲದೆ ಅನ್ನು!"

"ತೆಗೀ ಬಾಗಿಲು! ಈ ಮನೆ ಹೋಯ್ತು ನಿಂಗೆ! ಹೋಯ್ತು!" ಕಿತಿಯೋನೆ ಒದೆಯುತ್ತಿದ್ದ.

ಹಾಡು ತಾನಾಗಿ ನಿಂತಿತು. ಹಾಡುತ್ತಿದ್ದವರಲ್ಲಿ ಒಬ್ಬಳು ಗುಂಪಿನಿಂದ ಹೊರಬಂದು ತನ್ನ ಗುಡಿಸಲ ಕಡೆ ಹೋದಳು, ಆಮೇಲೆ ಇನ್ನೊಬ್ಬಳು. ಚಾಪೆ ತರಲೋ, ಸುಮ್ಮನೆ ತಪ್ಪಿಸಿಕೊಳ್ಳಲೋ, ಸೆರುವಾಯಾಳಿಗೆ ಗೊತ್ತಾಗಲಿಲ್ಲ.

ಕಿತಿಯೋನೆ ಇನ್ನೊಬ್ಬ ಬಿಳಿ ಹುಡುಗನ ರಟ್ಟೆ ಹಿಡಿದು ಎಳೆತಂದು ಬಾಗಿಲಿನ ಹೊರಬದಿಯ ಕೀಲು ತೋರಿಸಿದ. ಅದನ್ನು ಕೂರಿಸಿದವನು ಅದೇ ಹುಡುಗ. ಅವನು ಯಜಮಾನಿಯ ಮುಖ ನೋಡಿದ. ಅವಳು ಬೇರೆ ಕಡೆ ತಿರುಗಿದಳು. ಹುಡುಗ ಸೊಂಟದ ಚೀಲದಿಂದ ಸುತ್ತಿಗೆ ತೆಗೆದ.

ಮೊದಲ ಪೆಟ್ಟು ಬಿತ್ತು. ಒಳಗೆ ಸೆರುವಾಯಾ ಕಾಲು ಗೋಡೆಗೆ ಕೊಟ್ಟು, ಬಾಗಿಲ ಹಿಡಿಯನ್ನು ಎರಡೂ ಕೈಯಿಂದ ತನ್ನ ಕಡೆಗೆ ಜಗ್ಗಿ ಹಿಡಿದಳು.